ಬೆಳಕು ಉಣ್ಣುವ ಚಿಪ್ಪು

ಹವಳ ಎಂಬ ಮಾತು ಬಂದಾಗ ನಮ್ಮ ಮನೆಗಳಲ್ಲಿ ನೆನಪಾಗುವುದು ಎರಡೇ ವಸ್ತು. ಒಂದು, ಉಂಗುರದಲ್ಲೋ ಸರದಲ್ಲೋ ಕೂತ ಕೆಂಪು ಹವಳ. ಇನ್ನೊಂದು, ಹಜ್ಜಿಗೆ ಹೋದ ಹಿರಿಯರು ತಂದುಕೊಟ್ಟ ಕಪ್ಪು ಮಣಿಗಳ ತಸ್ಬೀಹ್. ಅರಬರು 'ಯುಸ್ರ್' ಎಂದು ಕರೆಯುವ ಆ ಮಣಿ, ಅಸಲಿಯಾಗಿದ್ದರೆ, ಕೆಂಪು ಸಮುದ್ರದ ಕಪ್ಪು ಹವಳದ್ದು. ಈ ಎರಡಕ್ಕೂ ಬಿಸಿಲಿನ ಹಂಗಿಲ್ಲ. ಉಂಗುರದ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ ಆಳದಲ್ಲಿ, ಬಂಡೆಗಳ ಅಡಿಯ ಕತ್ತಲಲ್ಲಿ, ಗುಹೆಯ ಚಾವಣಿಗಳಲ್ಲಿ ನಿಧಾನವಾಗಿ ಬೆಳೆಯುವಂಥದ್ದು.

ನಾನು ಹೇಳಹೊರಟಿರುವುದು ಬೇರೆ ಹವಳದ ವಿಷಯ. ಬೆಳಕಿಲ್ಲದಿದ್ದರೆ ಹಸಿವಿನಿಂದ ಸಾಯುವ ಹವಳ ಅದು. ಸೂರಃ ಅರ್ರಹ್ಮಾನ್‌ನಲ್ಲಿ ಮುತ್ತಿನ ಜೊತೆಗೆ ಹೆಸರಿಸಲ್ಪಟ್ಟ 'ಮರ್ಜಾನ್' ಎಂದರೆ ಹವಳ ಎಂದು ಕೆಲವು ವ್ಯಾಖ್ಯಾನಕಾರರೂ, ಸಣ್ಣ ಮುತ್ತು ಎಂದು ಇನ್ನು ಕೆಲವರೂ ಹೇಳಿದ್ದಾರೆ. ಇಂದಿನ ಅರಬಿ ಮಾತಿನಲ್ಲಿ ಮಾತ್ರ ಮರ್ಜಾನ್ ಎಂದರೆ ಹವಳವೇ. ಶಾರ್ಜಾದಲ್ಲಿ ನಾನು ಹನ್ನೊಂದು ವರ್ಷ ಯಾರ ಮನೆಯ ಮರ್ಜಾನ್‌ಗೆ ಬೆಳಕು ಕಟ್ಟಿಕೊಟ್ಟೆನೋ ಆ ಹಿರಿಯರೂ ಹಾಗೆಯೇ ಕರೆಯುತ್ತಿದ್ದರು.

ನಾನು ಇಲೆಕ್ಟ್ರಿಷಿಯನ್. 2004ರಲ್ಲಿ ಕಟ್ಟಡ ಕೆಲಸಕ್ಕೆಂದು ಅಲ್ಲಿಗೆ ಹೋದವನು ನಾಲ್ಕು ವರ್ಷದ ಬಳಿಕ ಅಲಂಕಾರ ಮೀನಿನ ಅಂಗಡಿಯೊಂದಕ್ಕೆ ಸೇರಿಕೊಂಡೆ. ಮೀನಿನ ಬಗ್ಗೆ ನನಗೆ ತಿಳಿದಿದ್ದದ್ದು ಬಂಗುಡೆ, ಬೂತಾಯಿ, ಅಂಜಲ್ ಅಷ್ಟೇ. ಅದೂ ಸಾರಿನ ಮಟ್ಟಿಗೆ. ಅವರಿಗೆ ಬೇಕಾಗಿದ್ದದ್ದು ನೀರಿನ ಪಕ್ಕದಲ್ಲಿ ಶಾಕ್ ಹೊಡೆಯದಂತೆ ವೈರಿಂಗ್ ಮಾಡುವವನು. ಉಪ್ಪುನೀರು ಮತ್ತು ಕರೆಂಟು ಬಹಳ ಕೆಟ್ಟ ಜೋಡಿ. ಮನೆಮನೆಗೆ ಹೋಗಿ ದೀಪ, ಪಂಪು, ಟೈಮರ್ ನೋಡಿಕೊಳ್ಳುವ ಕೆಲಸ ನನ್ನದಾಯಿತು. ಹಾಗೆ ಸಿಕ್ಕಿದವರು ಈ ಹಿರಿಯರು. ನಿವೃತ್ತ ಶಾಲಾ ಮಾಸ್ತರರು. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಮಜ್ಲಿಸಿನ ಮೂಲೆಯಲ್ಲಿ ಅವರ ತೊಟ್ಟಿ ಇತ್ತು: ಉದ್ದ 60 ಸೆಂಟಿಮೀಟರ್, ಅಗಲ 45, ಎತ್ತರ 45. ಸುಮಾರು 120 ಲೀಟರ್ ನೀರು. ಹೋಟೆಲುಗಳ ಲಾಬಿಯಲ್ಲಿ ನೋಡುವ ಗೋಡೆಯಷ್ಟು ದೊಡ್ಡ ತೊಟ್ಟಿಗಳ ಮುಂದೆ ಇದು ಸಂದೂಕ. ಆದರೆ ತೊಟ್ಟಿ ಚಿಕ್ಕದಾದಷ್ಟೂ ಕೆಲಸ ಕಷ್ಟ. ದೊಡ್ಡ ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಕೆಡುತ್ತದೆ. ಚಿಕ್ಕ ನೀರಿಗೆ ಆ ತಾಳ್ಮೆ ಇಲ್ಲ.

ಆ ತೊಟ್ಟಿಯಲ್ಲಿ ಮೀನು ಎರಡೇ. ಉಳಿದದ್ದು ಬಂಡೆಯ ಮೇಲೆ ಅಂಟಿಕೊಂಡ ಹವಳಗಳು, ಮತ್ತು ಒಂದು ಚಿಪ್ಪು. ಟ್ರೈಡಾಕ್ನಾ ಮ್ಯಾಕ್ಸಿಮಾ ಎಂದು ಅದರ ಹೆಸರು, ದೈತ್ಯ ಚಿಪ್ಪುಗಳ ಕುಟುಂಬದ್ದು. ಇದರ ದೊಡ್ಡಣ್ಣ ಟ್ರೈಡಾಕ್ನಾ ಗೈಗಾಸ್ ಒಂದು ಮೀಟರ್ ದಾಟಿ ಬೆಳೆದು ಇನ್ನೂರು ಕಿಲೋ ಮೀರಿ ತೂಗುತ್ತದೆ. ಉಸ್ತಾದರ ಚಿಪ್ಪು ಅಂಗೈಯಷ್ಟಿತ್ತು. ಬಾಯಿ ತೆರೆದು ಕೂತರೆ ಅಂಚಿನ ತುಂಬ ನೀಲಿ ಮಖಮಲ್ಲು ಹಾಸಿದ ಹಾಗೆ, ಅದರ ಮೇಲೆ ಚಿನ್ನದ ಚುಕ್ಕಿ.

ನಮ್ಮ ಹೊಳೆಗಳ ಮರುವಾಯಿಯನ್ನು ನೆನೆಸಿಕೊಳ್ಳಿ. ಅದು ಕೆಸರಿನೊಳಗೆ ಹೂತು ಕೂತು, ನೀರನ್ನು ಒಳಗೆ ಎಳೆದು ಸೋಸಿ, ಸಿಕ್ಕಿದ್ದನ್ನು ತಿಂದು ಬದುಕುತ್ತದೆ. ಅದಕ್ಕೆ ಸೂರ್ಯ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಈ ಟ್ರೈಡಾಕ್ನಾವೂ ನೀರು ಸೋಸುತ್ತದೆ, ಆದರೆ ಅದರ ಮುಖ್ಯ ಊಟ ಅದಲ್ಲ. ಅದು ತನ್ನ ಮಾಂಸದ ಮಡಿಕೆಯೊಳಗೆ, ಹೊಟ್ಟೆಯಿಂದ ಹೊರಟ ಸಣ್ಣ ಕೊಳವೆಗಳಲ್ಲಿ, ಕೋಟಿಗಟ್ಟಲೆ ಪಾಚಿಕಣಗಳನ್ನು ಬಾಡಿಗೆಗಿಟ್ಟುಕೊಂಡಿದೆ. ಒಂದೊಂದೂ ಒಂದೇ ಜೀವಕೋಶದ ಪಾಚಿ. ಅವು ಬೆಳಕಿನಿಂದ ಸಕ್ಕರೆ ಮಾಡುತ್ತವೆ. ಬಾಡಿಗೆಯೆಂದು ಅದರ ಹೆಚ್ಚಿನ ಪಾಲನ್ನು ಮನೆ ಮಾಲೀಕನಿಗೆ ಕೊಡುತ್ತವೆ. ಹವಳದ್ದೂ ಇದೇ ವ್ಯವಸ್ಥೆ. ಹವಳವೆಂದರೆ ಕಲ್ಲಲ್ಲ, ಗಿಡವಲ್ಲ. ಕಲ್ಲಿನ ಬಟ್ಟಲು ಕಟ್ಟಿಕೊಂಡು ಅದರಲ್ಲಿ ಕೂತ ಹೂವಿನಂಥ ಪ್ರಾಣಿ. ರಾತ್ರಿ ತನ್ನ ಸಣ್ಣ ಕೈಗಳನ್ನು ಚಾಚಿ ನೀರಿನಲ್ಲಿ ತೇಲುವ ಜೀವಿಗಳನ್ನು ಹಿಡಿಯುತ್ತದೆ, ಹಗಲು ಬಾಡಿಗೆದಾರರ ದುಡಿಮೆಯಲ್ಲಿ ಉಣ್ಣುತ್ತದೆ. ಈ ಬಾಡಿಗೆದಾರರು ಇಲ್ಲದಿದ್ದರೆ ಹವಳದ ದಿಬ್ಬಗಳೂ ಇಲ್ಲ, ದಿಬ್ಬಗಳ ಮೇಲೆ ನಿಂತ ದ್ವೀಪಗಳೂ ಇಲ್ಲ.

ಅಂದ ಮೇಲೆ ಇಂಥ ತೊಟ್ಟಿಗೆ ಹಾಕುವ ದೀಪ ಅಲಂಕಾರಕ್ಕಲ್ಲ. ಅದು ಅನ್ನ.

ಎಂಥ ಬೆಳಕು, ಎಷ್ಟು ಬೆಳಕು ಎಂಬುದರಲ್ಲಿಯೇ ನನ್ನ ಹನ್ನೊಂದು ವರ್ಷ ಕಳೆಯಿತು. ಮೊದಲ ಪಾಠ ಅಂಗಡಿಯಲ್ಲಿ ಕಲಿತದ್ದಲ್ಲ, ಉಸ್ತಾದರಿಂದ ಕೇಳಿದ್ದು. ಅವರ ತಂದೆ ಮುತ್ತಿನ ಮುಳುಗುಗಾರರು. ಮೂಗಿಗೆ 'ಫಿತಾಮ್' ಎಂಬ ಕ್ಲಿಪ್ಪು, ಕಾಲಿಗೆ ಕಲ್ಲು, ಕೊರಳಿಗೆ ಬುಟ್ಟಿ. ಬೇಸಿಗೆಯ ನಾಲ್ಕು ತಿಂಗಳು ದೋಣಿಯಲ್ಲೇ ವಾಸ, ದಿನಕ್ಕೆ ಹತ್ತಾರು ಸಲ ಮುಳುಗು. ಆಳದಲ್ಲಿ ಸಿಂಪಿಯ ಅಂಚು ತಾಗಿ ಬೆರಳು ಕುಯ್ದರೆ ಅಲ್ಲಿ ರಕ್ತ ಕೆಂಪಗೆ ಕಾಣುವುದಿಲ್ಲವಂತೆ, ಕಪ್ಪು ಹಸುರಾಗಿ ಕಾಣುತ್ತದಂತೆ. ಮೇಲೆ ಬಂದಾಗಲೇ ಗೊತ್ತಾಗುವುದು ಅದು ರಕ್ತ ಎಂದು. ನೀರು ಮೊದಲು ಕೆಂಪನ್ನು ಕುಡಿಯುತ್ತದೆ, ಆಮೇಲೆ ಕಿತ್ತಳೆ, ಹಳದಿ. ತಿಳಿನೀರಿನಲ್ಲಿ ಕೊನೆಯವರೆಗೆ ಇಳಿಯುವುದು ನೀಲಿ. ಹವಳದೊಳಗಿನ ಪಾಚಿ ಆ ನೀಲಿಗೇ ಒಗ್ಗಿಕೊಂಡಿದೆ.

ನಮ್ಮ ತೀರದ ಉದ್ದಕ್ಕೆ ದೊಡ್ಡ ಹವಳ ದಿಬ್ಬಗಳಿಲ್ಲದಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅರ್ಥವಾದದ್ದು ಆಗ. ನೇತ್ರಾವತಿ, ಶರಾವತಿ, ಕಾಳಿ ಮೊದಲಾದ ಹೊಳೆಗಳು ಮಳೆಗಾಲದಲ್ಲಿ ಸಮುದ್ರವನ್ನು ಚಹಾದ ಬಣ್ಣ ಮಾಡುತ್ತವೆ. ಆ ಕೆಸರಿನಲ್ಲಿ ಬೆಳಕು ಇಳಿಯುವುದಿಲ್ಲ. ಹೂಳು ಬಿದ್ದರೆ ಹವಳಕ್ಕೆ ಉಸಿರೂ ಕಟ್ಟುತ್ತದೆ. ದಡದಿಂದ ದೂರವಿರುವ, ಮುರ್ಡೇಶ್ವರದಾಚೆಯ ನೇತ್ರಾಣಿಯ ಸುತ್ತ ಮಾತ್ರ ಮುಳುಗುವವರು ನೋಡಿ ಬರುವಷ್ಟು ಹವಳ ಇದೆ. ಇನ್ನೂ ಪಶ್ಚಿಮಕ್ಕೆ ಹೋದರೆ ಲಕ್ಷದ್ವೀಪ, ಪೂರ್ತಿ ಹವಳದ್ದೇ ನೆಲ. ಅಲ್ಲಿಯ ಹಳೆಯ ಮನೆ ಮಸೀದಿಗಳ ಗೋಡೆಗೆ ಹವಳದ ಕಲ್ಲು. ಆ ದ್ವೀಪಗಳು ನಮಗೆ ಪರಕೀಯವೂ ಅಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಇವೆಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿದ್ದವು. ಅವರ ಕಲೆಕ್ಟರು ಕೂರುತ್ತಿದ್ದದ್ದು ಮಂಗಳೂರಿನಲ್ಲಿ. ಈಗಲೂ ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಹೊತ್ತ ಮಂಜಿಗಳು ಅತ್ತ ಹೋಗುತ್ತವೆ.

ಊರಿಗೆ ಬಂದ ಮೇಲೆ ನನ್ನ ಹಳೆ ಕೆಲಸದ ವಿಷಯ ತಿಳಿದ ಕೆಲವರು, 'ನಮ್ಮ ಹಾಲಿನಲ್ಲೂ ಅಂಥದ್ದೊಂದು ಮಾಡಿಕೊಡಿ' ಎಂದು ಕೇಳುವುದುಂಟು. ಮಾಡುವಂತಿಲ್ಲ. ಕಲ್ಲು ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಲಾಗಿದೆ. ಟ್ರೈಡಾಕ್ನಾ ಮ್ಯಾಕ್ಸಿಮಾವೂ ಅದೇ ಪಟ್ಟಿಯಲ್ಲಿದೆ. ಕಾನೂನಿನ ಕಣ್ಣಿನಲ್ಲಿ ಅದನ್ನು ಸಮುದ್ರದಿಂದ ಕಿತ್ತು ತರುವುದು ಹುಲಿಯನ್ನು ಹಿಡಿದ ಹಾಗೆ. ಇದು ಸರಿಯಾದ ಕಾನೂನು ಎಂದೇ ನನ್ನ ಅಭಿಪ್ರಾಯ. ಶಾರ್ಜಾದ ಅಂಗಡಿಗಳಿಗೆ ಹೆಚ್ಚಿನ ಹವಳ ಇಂಡೋನೇಷ್ಯಾದಿಂದ ಬರುತ್ತಿತ್ತು, ಪ್ಲಾಸ್ಟಿಕ್ ಚೀಲದಲ್ಲಿ, ವಿಮಾನದಲ್ಲಿ. ತೆರೆದಾಗ ಅರ್ಧ ಸತ್ತಿರುತ್ತಿದ್ದ ಪೆಟ್ಟಿಗೆಗಳನ್ನೂ ನಾನು ನೋಡಿದ್ದೇನೆ. ಚಿಪ್ಪುಗಳ ಮಟ್ಟಿಗೆ ಸ್ವಲ್ಪ ಸಮಾಧಾನ. ಪಲಾವು ದ್ವೀಪದವರು ದೈತ್ಯ ಚಿಪ್ಪನ್ನು ಮೊಟ್ಟೆಯಿಂದಲೇ ಸಾಕಿ ಬೆಳೆಸುವ ಕೆಲಸವನ್ನು ದಶಕಗಳ ಹಿಂದೆಯೇ ಆರಂಭಿಸಿದ್ದರು. ಉಸ್ತಾದರದ್ದು ಹಾಗೆ ಸಾಕಿದ್ದೇ. ಅದನ್ನು ಕೇಳಿ ತಿಳಿದುಕೊಂಡೇ ಅವರು ಕೊಂಡದ್ದು.

ಮತ್ತೆ ದೀಪಕ್ಕೆ ಬರುತ್ತೇನೆ.

ನಾನು ಕೈ ಹಾಕಿದಾಗ ಆ ತೊಟ್ಟಿಯ ಮೇಲಿದ್ದದ್ದು 150 ವ್ಯಾಟಿನ ಒಂದು ಮೆಟಲ್ ಹಾಲೈಡ್ ದೀಪ, ಎರಡು ಬದಿಗೆ 24 ವ್ಯಾಟಿನ ಎರಡು ನೀಲಿ ಟಿ5 ಟ್ಯೂಬು. ಮೆಟಲ್ ಹಾಲೈಡ್ ಎಂದರೆ ಸ್ಟೇಡಿಯಂಗಳಲ್ಲಿ ಉರಿಯುತ್ತಿದ್ದ ಅದೇ ಜಾತಿ. ಬೆರಳಿನಷ್ಟು ಗಾಜಿನ ಕೊಳವೆ, ಅದರೊಳಗೆ ಮಿಂಚು ನಿಂತ ಹಾಗೆ. ಎರಡು ತುದಿಯಲ್ಲೂ ಸಿಕ್ಕಿಸುವ ಈ ಬಲ್ಬುಗಳಿಂದ ನೇರಳಾತೀತ ಕಿರಣವೂ ಹೊರಡುತ್ತದೆ. ಅದನ್ನು ತಡೆಯುವ ಗಾಜಿನ ಹೊದಿಕೆ ಒಡೆದರೆ ತೊಟ್ಟಿಯ ಜೀವಿಗಳೂ ಸುಡುತ್ತವೆ, ನೋಡುವವನ ಕಣ್ಣೂ ಕೆಡುತ್ತದೆ. ಒಂದು ಮನೆಯಲ್ಲಿ ಹೊದಿಕೆ ಒಡೆದು ಹೋದದ್ದನ್ನು ಲೆಕ್ಕಕ್ಕಿಟ್ಟುಕೊಳ್ಳದೆ ಮೂರು ದಿನ ದೀಪ ಉರಿಸಿದ್ದರು. ನಾನು ಹೋಗುವಾಗ ಹವಳದ ಮೇಲ್ಭಾಗವೆಲ್ಲ ಸುಣ್ಣ ಬಳಿದ ಹಾಗಿತ್ತು, ನೆರಳಿದ್ದ ಕೆಳಭಾಗ ಮಾತ್ರ ಜೀವಂತ.

ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಲೆಕ್ಕ ಬರೆದಿರುತ್ತದೆ. 6,500 ಎಂದರೆ ಮಧ್ಯಾಹ್ನದ ಬಿಸಿಲಿನಂಥದ್ದು, ಸ್ವಲ್ಪ ಹಳದಿ ಕಾಣುತ್ತದೆ. ಹವಳ ಚೆನ್ನಾಗಿ ಬೆಳೆಯುತ್ತದೆ, ಬೇಡದ ಪಾಚಿಯೂ ಗಾಜಿನ ಮೇಲೆ ಚೆನ್ನಾಗಿಯೇ ಬೆಳೆಯುತ್ತದೆ. 20,000 ಎಂದರೆ ಗಾಢ ನೀಲಿ. ನೋಟಕ್ಕೆ ಚೆಂದ, ಅಷ್ಟೇ ವ್ಯಾಟಿಗೆ ಊಟ ಕಡಿಮೆ. ಉಸ್ತಾದರಿಗೆ ನಡುವಿನ 14,000 ಒಪ್ಪಿಗೆಯಾಗಿತ್ತು. ಈಚೆಗೆ ಜನ ತೊಟ್ಟಿಯನ್ನು ಬರೀ ನೀಲಿಯಲ್ಲಿ ಮುಳುಗಿಸಿ, ಹವಳಗಳು ಹಸುರು ಕಿತ್ತಳೆಯಾಗಿ ಮಿನುಗುವುದನ್ನು ನೋಡಿ ಖುಷಿಪಡುತ್ತಾರೆ. ನನಗದು ಮದುವೆ ಹಾಲಿನ ಲೈಟಿಂಗ್ ಹಾಗೆ ಕಾಣುತ್ತದೆ. ಹವಳಕ್ಕೆ ತೊಂದರೆಯೇನೂ ಇಲ್ಲ, ಅದು ನೀಲಿಯನ್ನೇ ಉಣ್ಣುವುದು. ತೊಂದರೆ ನನ್ನ ಕಣ್ಣಿಗೆ. ಹಾಲೈಡ್ ದೀಪದ ಕೆಳಗೆ ನೀರು ಅಲುಗಿದಾಗ ಮರಳಿನ ಮೇಲೆ ಬೆಳಕಿನ ಬಲೆ ಓಡಾಡುತ್ತದಲ್ಲ, ಬಾವಿಯ ಗೋಡೆಯ ಮೇಲೆ ಬಿಸಿಲು ಆಡುವ ಹಾಗೆ, ಅದಕ್ಕೆ ಸಮ ಇನ್ನೊಂದಿಲ್ಲ. ಉಸ್ತಾದರು ಬಹಳ ಕಾಲ ಎಲ್‌ಇಡಿಗೆ ಬದಲಾಯಿಸದೆ ಇದ್ದದ್ದು ಆ ಒಂದು ಕಾರಣಕ್ಕೆ.

ಈ ದೀಪಗಳ ವಿಷಯದಲ್ಲಿ ಗಿರಾಕಿಗಳಿಗೆ ತಿಳಿಸಿಹೇಳಲು ಬಹಳ ಕಷ್ಟವಾಗುತ್ತಿದ್ದ ಮಾತೆಂದರೆ, ಕಣ್ಣನ್ನು ನಂಬಬೇಡಿ ಎಂಬುದು. ನಮ್ಮ ಕಣ್ಣು ಹಸುರು ಬೆಳಕಿಗೆ ಹೆಚ್ಚು ಚುರುಕು, ನೀಲಿಗೆ ಮಂದ. ನಮಗೆ ಝಗಝಗ ಎಂದು ಕಂಡದ್ದು ಹವಳಕ್ಕೆ ಉಪವಾಸವಾಗಬಹುದು. ನಮಗೆ ಮಸುಕು ಎನಿಸಿದ ನೀಲಿ ಅದಕ್ಕೆ ಅಜೀರ್ಣವಾಗಬಹುದು. ವರ್ಷ ಕಳೆದ ಹಾಲೈಡ್ ಬಲ್ಬು ಉರಿಯುತ್ತಲೇ ಇರುತ್ತದೆ, ಆದರೆ ಅದರ ಶಕ್ತಿ ಇಳಿದಿರುತ್ತದೆ, ಬಣ್ಣ ಜಾರಿರುತ್ತದೆ. 'ಉರಿಯುತ್ತಿದೆಯಲ್ಲ, ಯಾಕೆ ಬದಲಿಸಬೇಕು?' ಎಂಬ ಪ್ರಶ್ನೆ ಕೇಳದ ಮನೆ ಇಲ್ಲ. ಇದಕ್ಕೆ ಉತ್ತರ ಕೊಡುವುದು ಪಾರ್ ಮೀಟರ್ ಎಂಬ ಉಪಕರಣ. ಗಿಡ ಪಾಚಿಗಳು ಬಳಸುವ ಬೆಳಕನ್ನಷ್ಟೇ ಅದು ಎಣಿಸುತ್ತದೆ. ಬಯಲಿನಲ್ಲಿ ನಡುಮಧ್ಯಾಹ್ನದ ಬಿಸಿಲಿಗೆ ಹಿಡಿದರೆ ಸುಮಾರು 2,000 ತೋರಿಸುತ್ತದೆ. ಉಸ್ತಾದರ ತೊಟ್ಟಿಯಲ್ಲಿ ನೀರಿನ ಮೇಲ್ಪದರಕ್ಕೆ ಸ್ವಲ್ಪ ಕೆಳಗೆ 500ರ ಹತ್ತಿರ, ಬಂಡೆಯ ನಡುವಿನಲ್ಲಿ 220, ಮರಳಿನ ಮೂಲೆಯಲ್ಲಿ 90. ಅಂಗೈ ಅಗಲದ ಮೇಲಕ್ಕೋ ಕೆಳಕ್ಕೋ ಸರಿದರೆ ಹವಳ ಬೇರೊಂದು ದೇಶಕ್ಕೆ ಹೋದ ಹಾಗೆ. ಅಣಬೆಯಂಥ ಮೆತ್ತನೆ ಹವಳಗಳಿಗೆ 90 ಸಾಕು. ಕೊಂಬಿನಂಥ ಅಕ್ರೊಪೊರಾಕ್ಕೆ ಮೇಲಿನ ಬಂಡೆಯೇ ಬೇಕು. ಮ್ಯಾಕ್ಸಿಮಾ ಚಿಪ್ಪಿಗೂ 200ರ ಮೇಲೆಯೇ ಬೇಕು. ಆದರೆ ಹೊಸದಾಗಿ ತಂದದ್ದನ್ನು ನೇರವಾಗಿ ಅಲ್ಲಿ ಕೂರಿಸಬಾರದು. ಮೊದಲು ಮರಳಿನ ಮೇಲೆ, ಆಮೇಲೆ ವಾರ ವಾರಕ್ಕೆ ಒಂದೊಂದು ಮೆಟ್ಟಿಲು ಮೇಲೆ.

ಆ ಚಿಪ್ಪು ಕೂರುವ ರೀತಿಯೇ ನೋಡಬೇಕಾದದ್ದು. ನಮ್ಮ ಪಚ್ಚಿಲೆ ಬಂಡೆಗೆ ನಾರು ಬಿಟ್ಟು ಅಂಟಿಕೊಳ್ಳುತ್ತದಲ್ಲ, ಹಾಗೆಯೇ ಇದೂ ಅಡಿಯಿಂದ ತಂತು ಬಿಟ್ಟು ಕಲ್ಲನ್ನು ಹಿಡಿಯುತ್ತದೆ. ಜಾಗ ಬದಲಿಸಬೇಕಾದರೆ ಕಲ್ಲಿನ ಸಮೇತ ಎತ್ತಬೇಕು, ಎಳೆದು ಕಿತ್ತರೆ ಸತ್ತಂತೆ. ಮಖಮಲ್ಲಿನ ಅಂಚಿನ ಉದ್ದಕ್ಕೂ ನೂರಾರು ಸೂಜಿಮೊನೆಯಷ್ಟು ಕಣ್ಣುಗಳಿವೆ. ಅವಕ್ಕೆ ರೂಪ ಸರಿಯಾಗಿ ಕಾಣಲಿಕ್ಕಿಲ್ಲ, ನೆರಳು ಗೊತ್ತಾಗುತ್ತದೆ. ನಾನು ದೀಪದ ಸ್ಕ್ರೂ ಬಿಗಿಯಲು ಕೈ ಚಾಚಿದರೆ ಸಾಕು, ಫಕ್ಕನೆ ಮುದುಡಿಕೊಳ್ಳುತ್ತಿತ್ತು. ನನ್ನ ಕೈ ಅದಕ್ಕೆ ದೊಡ್ಡ ಮೀನೊಂದು ಮೇಲೆ ಹಾದು ಹೋದ ಹಾಗೆ. ಅದರ ನೀಲಿ ಬಣ್ಣವೂ ಶೋಕಿಯದ್ದಲ್ಲ. ಚರ್ಮದಡಿ ಸಣ್ಣ ಕನ್ನಡಿಗಳಂಥ ಕೋಶಗಳಿವೆ. ಅಮೆರಿಕದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಾಚಿಗೆ ಹೆಚ್ಚು ಬೇಡದ ಹಳದಿ ಹಸುರು ಬೆಳಕನ್ನು ಆ ಕೋಶಗಳು ಹೊರಗೆ ತಿರುಗಿಸಿ, ಬೇಕಾದ ನೀಲಿ ಕೆಂಪನ್ನು ಚದುರಿಸಿ ಒಳಕ್ಕೆ ಇಳಿಬಿಡುತ್ತವೆ. ಪಾಚಿಗಳು ಕಂಬದಂತೆ ಒಂದರ ಕೆಳಗೊಂದು ನಿಂತಿರುತ್ತವೆ. ಮೇಲಿನದಕ್ಕೆ ಸುಡದಂತೆ, ಕೆಳಗಿನದಕ್ಕೆ ಕೊರತೆಯಾಗದಂತೆ ಹಂಚಿಕೆ. ನಾನು ಅಷ್ಟು ವರ್ಷ ಚೋಕು, ರಿಫ್ಲೆಕ್ಟರ್ ಹಿಡಿದುಕೊಂಡು ಮಾಡಲು ಹೆಣಗುತ್ತಿದ್ದ ಕೆಲಸವನ್ನು ಅಂಗೈಯಷ್ಟು ಚಿಪ್ಪು ಮೌನವಾಗಿ ಮಾಡಿಕೊಂಡಿತ್ತು. ಸುಬ್‌ಹಾನಲ್ಲಾಹ್ ಎನ್ನದೆ ಇರಲಾಗಲಿಲ್ಲ.

ಹಾಲೈಡ್ ದೀಪ ಮಧ್ಯಾಹ್ನ 2ಕ್ಕೆ ಹೊತ್ತಿ ರಾತ್ರಿ 10ಕ್ಕೆ ಆರುವಂತೆ ಟೈಮರ್ ಇಟ್ಟಿದ್ದೆ. ನೀಲಿ ಟ್ಯೂಬುಗಳು ಒಂದೂವರೆ ತಾಸು ಮೊದಲೇ ಬೆಳಗಿ, ಒಂದೂವರೆ ತಾಸು ಬಳಿಕ ಆರುತ್ತಿದ್ದವು. ಅದು ಆ ತೊಟ್ಟಿಯ ಮುಂಜಾನೆ ಮುಸ್ಸಂಜೆ. ಉಸ್ತಾದರು ಮನೆಯಲ್ಲಿ ಆರಾಮವಾಗಿ ಕೂರುವ ಹೊತ್ತಿಗೆ ನೋಡಲು ಸಿಗಲಿ ಎಂದು ಹೀಗೆ ಹೊಂದಿಸಿದ್ದು. ಹವಳಕ್ಕೆ ಗಡಿಯಾರದ ಗೊಡವೆ ಇಲ್ಲ, ತಾಸುಗಳ ಲೆಕ್ಕ ತಪ್ಪದಿದ್ದರೆ ಸಾಕು. ಆ ತೊಟ್ಟಿಯ ನಡುಹಗಲು ನಮ್ಮ ಮಗ್ರಿಬ್ ಹೊತ್ತಿಗೆ.

ಇಲೆಕ್ಟ್ರಿಷಿಯನ್ ಆದವನು ಯೂನಿಟ್ ಲೆಕ್ಕ ಹಾಕದೆ ಇರಲಾರ. ದೊಡ್ಡ ದೀಪ ಎಂಟು ತಾಸು, ಟ್ಯೂಬು ಹನ್ನೊಂದು ತಾಸು: ದಿನಕ್ಕೆ ಸುಮಾರು ಒಂದೂಮುಕ್ಕಾಲು ಯೂನಿಟ್. ಪಂಪು, ಏಸಿ ಬಿಟ್ಟು, ಬರೀ ಬೆಳಕಿನದ್ದು. ನಮ್ಮೂರಿನ ಭಾಗ್ಯಜ್ಯೋತಿ ಮನೆಗಳಿಗೆ ಆ ಕಾಲದಲ್ಲಿ ಸರಕಾರ ಕೊಡುತ್ತಿದ್ದದ್ದು ತಿಂಗಳಿಗೆ 18 ಯೂನಿಟ್. ಒಂದು ಕುಟುಂಬದ ತಿಂಗಳ ಬೆಳಕನ್ನು ಆ ಚಿಪ್ಪು ಮತ್ತು ಹವಳಗಳು ಹತ್ತು ದಿನದಲ್ಲಿ ಉಂಡು ಮುಗಿಸುತ್ತಿದ್ದವು. ನಾವು ಎಂಟು ಮಂದಿ ಮಲಗುತ್ತಿದ್ದ ಕೋಣೆಯಲ್ಲಿ ಒಂದೇ ಟ್ಯೂಬ್‌ಲೈಟು. ಅದೂ ಮಿಣಮಿಣ ಎನ್ನುತ್ತಿತ್ತು. ಅದನ್ನು ಸರಿಪಡಿಸಬೇಕಾಗಿದ್ದ ಇಲೆಕ್ಟ್ರಿಷಿಯನ್ ರಾತ್ರಿ ಬಂದು ಮಲಗುತ್ತಿದ್ದ.

ಒಮ್ಮೆ ಈ ಲೆಕ್ಕವನ್ನು ಉಸ್ತಾದರ ಮುಂದೆ ಹೇಳಿಯೇ ಬಿಟ್ಟೆ. ಸಿಟ್ಟಾಗಬಹುದು ಎಂದುಕೊಂಡಿದ್ದೆ. ಅವರು ಗಾವಾದ ಲೋಟ ಕೆಳಗಿಟ್ಟು, ತಮ್ಮ ತಂದೆ ಇಷ್ಟು ಬೆಳಕಿನ ನೂರು ಪಾಲು ಬಿಸಿಲಿನಲ್ಲಿ ವರ್ಷಗಟ್ಟಲೆ ಮುಳುಗಿದರೂ ನಖೂದನ ಸಾಲ ತೀರಿಸಲಾಗದೆ ಸತ್ತರು ಎಂದರು. ಮುಳುಗುಗಾರ ಸತ್ತರೆ ಸಾಲ ಮಗನ ತಲೆಗೆ ಬರುತ್ತಿದ್ದ ಕಾಲವದು. 1930ರ ದಶಕದಲ್ಲಿ ಜಪಾನಿನ ಸಾಕಿದ ಮುತ್ತು ಮಾರುಕಟ್ಟೆಗೆ ಬಂದು, ಜಗತ್ತಿನ ಹಣಕಾಸಿನ ಮುಗ್ಗಟ್ಟೂ ಸೇರಿ ಕೊಲ್ಲಿಯ ಮುತ್ತಿನ ವ್ಯಾಪಾರ ಕುಸಿಯಿತು. 'ಸಮುದ್ರ ನಮ್ಮ ಮನೆಯವರನ್ನು ಉಂಡಿದೆ, ಈಗ ನಾನು ಅದಕ್ಕೆ ಉಣಿಸುತ್ತಿದ್ದೇನೆ' ಎಂದು ನಕ್ಕರು. ನನ್ನ ಲೆಕ್ಕಕ್ಕೆ ಅದು ಉತ್ತರವಲ್ಲ. ಆದರೆ ಮಾರನೆಯ ವಾರ ನಮ್ಮ ಕೋಣೆಗೆ ನಾಲ್ಕು ಹೊಸ ಟ್ಯೂಬುಗಳು ಬಂದವು.

ಬೆಳಕಿನ ಜೊತೆಗೆ ಬರುವ ಶಾಖದ ವಿಷಯ ನಾನಿನ್ನೂ ಹೇಳಿಲ್ಲ. 150 ವ್ಯಾಟಿನ ದೀಪ ಚಿಕ್ಕ ತೊಟ್ಟಿಯ ನೀರನ್ನು ಕಾಯಿಸುತ್ತದೆ. ಅಂಥ ಹವಳಕ್ಕೆ ಹಿತವಾದದ್ದು 25, 26 ಡಿಗ್ರಿ. 30 ದಾಟಿದರೆ ಸಂಕಟ. ಮಜ್ಲಿಸಿನ ಏಸಿ, ನೀರಿನ ಮೇಲೆ ಗಾಳಿ ಬೀಸುವ ಎರಡು ಪುಟ್ಟ ಫ್ಯಾನು, ಇವೇ ರಕ್ಷಣೆ. ನೀರು ಆವಿಯಾಗುವಾಗ ಶಾಖವನ್ನೂ ಹೊತ್ತೊಯ್ಯುತ್ತದೆ, ನಮ್ಮ ಮಣ್ಣಿನ ಹೂಜಿಯ ಹಾಗೆ.

2017ರ ಜುಲೈಯಲ್ಲಿ ಉಸ್ತಾದರ ಮನೆಯವರೆಲ್ಲ ಊರಿನಲ್ಲಿರಲಿಲ್ಲ. ಏಸಿಯ ಕಂಪ್ರೆಸರ್ ಕೆಟ್ಟಿತು. ಮುಚ್ಚಿದ ಮನೆ, ಹೊರಗೆ 45 ಡಿಗ್ರಿ. ಟೈಮರಿಗೆ ಇದ್ಯಾವುದೂ ಗೊತ್ತಿಲ್ಲ; ಅದು ದಿನವೂ 2 ಗಂಟೆಗೆ ದೀಪ ಹೊತ್ತಿಸಿತು. ವಾರದ ಪಾಳಿಗೆ ಹೋಗಿ ಬಾಗಿಲು ತೆರೆದಾಗ ಬಿಸಿಗಾಳಿ ಮುಖಕ್ಕೆ ಬಡಿಯಿತು. ನೀರು 33 ದಾಟಿತ್ತು. ಮೊದಲು ಮಾಡಿದ್ದು ದೀಪ ಆರಿಸಿದ್ದು. ಶಾಖ ಒಂದೇ ಆದರೆ ಹವಳ ಸ್ವಲ್ಪ ತಡೆದುಕೊಂಡೀತು; ಶಾಖ ಮತ್ತು ತೀವ್ರ ಬೆಳಕು ಒಟ್ಟಿಗೆ ಬಂದರೆ ಪಾಚಿಯ ಅಡುಗೆಮನೆಯೇ ಕೆಟ್ಟು, ಸಕ್ಕರೆಯ ಜೊತೆ ವಿಷದಂಥ ಆಮ್ಲಜನಕದ ಕಣಗಳು ಹುಟ್ಟುತ್ತವೆ. ಆಗ ಹವಳ ತನ್ನ ಬಾಡಿಗೆದಾರರನ್ನು ಹೊರಗೆ ಹಾಕುತ್ತದೆ. ಬಣ್ಣ ಅವರದ್ದಾಗಿತ್ತು, ಅವರು ಹೋದ ಮೇಲೆ ಪಾರದರ್ಶಕ ಚರ್ಮದ ಮೂಲಕ ಒಳಗಿನ ಎಲುಬು ಕಾಣುತ್ತದೆ. ಬಿಳುಚುವಿಕೆ ಎನ್ನುವುದು ಇದಕ್ಕೇ. ಬಿಳುಚಿದ ಹವಳ ಸತ್ತಿಲ್ಲ, ಹಸಿದಿದೆ.

ಫ್ರಿಜ್ಜಿನಲ್ಲಿದ್ದ ಬಾಟಲಿಗಳಲ್ಲಿ ನೀರು ಹೆಪ್ಪುಗಟ್ಟಿಸಿ ತೇಲಿಬಿಟ್ಟೆ. ಒಮ್ಮೆಲೇ ತಣಿಸಲೂ ಬಾರದು, ಆದ್ದರಿಂದ ರಾತ್ರಿಯಿಡೀ ಒಂದೊಂದೇ ಬಾಟಲಿ. ಬೆಳಿಗ್ಗೆಯೊಳಗೆ ಅಕ್ರೊಪೊರಾದ ಚರ್ಮ ಕಳಚಿ ನೀರಿನಲ್ಲಿ ತೇಲತೊಡಗಿತ್ತು. ಅದು ಹೋಯಿತು. ಮೆತ್ತನೆ ಹವಳಗಳು ಸುಕ್ಕುಗಟ್ಟಿದ್ದವು, ಆದರೆ ಉಳಿದವು. ಚಿಪ್ಪು ಬಾಯಿ ತೆರೆದೇ ಇತ್ತು, ಮಖಮಲ್ಲು ನಡುವಿನಲ್ಲಿ ಹಾಲಿನ ಬಣ್ಣಕ್ಕೆ ತಿರುಗಿತ್ತು. ಕೈಯ ನೆರಳು ಹಾಯಿಸಿದೆ. ಬಹಳ ನಿಧಾನವಾಗಿ, ಮುದುಕರು ಎದ್ದು ಕೂತ ಹಾಗೆ, ಸ್ವಲ್ಪ ಮುಚ್ಚಿಕೊಂಡಿತು.

ಅದೇ ಬೇಸಿಗೆಯಲ್ಲಿ ಹೊರಗಿನ ಸಮುದ್ರದಲ್ಲೂ ಇದೇ ನಡೆಯುತ್ತಿತ್ತು ಎಂದು ನನಗೆ ಗೊತ್ತಾದದ್ದು ಆಮೇಲೆ. ಕೊಲ್ಲಿಯ ಹವಳಗಳು ಜಗತ್ತಿನಲ್ಲೇ ಹೆಚ್ಚು ಗಟ್ಟಿ. ಬೇಸಿಗೆಯಲ್ಲಿ 34, 35 ಡಿಗ್ರಿ ನೀರನ್ನು ತಡೆದುಕೊಳ್ಳುತ್ತವೆ. ಉಸ್ತಾದರ ಇಂಡೋನೇಷ್ಯಾ ಹವಳ ಸತ್ತ ಬಿಸಿ ಅವಕ್ಕೆ ದಿನನಿತ್ಯದ್ದು. ಅಂಥವುಗಳೂ 2017ರಲ್ಲಿ ಸೋತವು. ಅಬುಧಾಬಿಯ ಸುತ್ತ ಅಧ್ಯಯನ ಮಾಡಿದವರು ಬಹುತೇಕ ಎಲ್ಲ ಹವಳ ಬಿಳುಚಿದ್ದನ್ನೂ, ಸೆಪ್ಟೆಂಬರ್ ಹೊತ್ತಿಗೆ ಸುಮಾರು ಮೂರರಲ್ಲಿ ಎರಡು ಪಾಲು ಸತ್ತದ್ದನ್ನೂ ದಾಖಲಿಸಿದರು. ಕಾರಣ ಓದಿದಾಗ ನನಗೆ ಆ ಪುಟ್ಟ ಫ್ಯಾನುಗಳ ನೆನಪಾಯಿತು. ಆ ವರ್ಷ ಅಲ್ಲಿ ಗಾಳಿ ಎಂದಿನಷ್ಟು ಬೀಸಿರಲಿಲ್ಲ. ಗಾಳಿ ಬೀಸಿದರೆ ನೀರು ಆವಿಯಾಗಿ ಸಮುದ್ರ ತಣಿಯುತ್ತದೆ. ಗಾಳಿ ನಿಂತರೆ ಅದೂ ಮುಚ್ಚಿದ ಮನೆಯ ತೊಟ್ಟಿಯೇ. ನಮ್ಮ ಲಕ್ಷದ್ವೀಪದ ಹವಳ 1998, 2010, 2016ರಲ್ಲಿ ಬಿಳುಚಿತ್ತು, 2024ರಲ್ಲಿ ಮತ್ತೆ ಬಿಳುಚಿತು. ಅಲ್ಲಿ ಆರಿಸಲು ಸ್ವಿಚ್ಚು ಇಲ್ಲ. ಆಸ್ಟ್ರೇಲಿಯಾದವರು 2020ರಿಂದ ಸಮುದ್ರದ ನೀರನ್ನು ಮಂಜಿನಂತೆ ಗಾಳಿಗೆ ಚಿಮ್ಮಿಸಿ, ಮೋಡಗಳನ್ನು ಬೆಳ್ಳಗಾಗಿಸಿ ತಮ್ಮ ಹವಳಕ್ಕೆ ನೆರಳು ಮಾಡಬಹುದೇ ಎಂದು ಪ್ರಯೋಗ ನಡೆಸಿದ್ದಾರೆ. ದೀಪಕ್ಕೆ ಹೊದಿಕೆ ಹಾಕುವವನ ಬುದ್ಧಿಯೇ ಅದು, ಅಳತೆ ಮಾತ್ರ ಬೇರೆ.

ಉಸ್ತಾದರು ಬಂದು ತೊಟ್ಟಿ ನೋಡಿ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು, ಹಾಲೈಡ್ ತೆಗೆದುಬಿಡು ಎಂದರು. ಎಲ್‌ಇಡಿ ಕೂರಿಸಿದೆ. ಅದರ ಶಾಖ ಹೆಚ್ಚಾಗಿ ಮೇಲಕ್ಕೆ ಹೋಗುತ್ತದೆ, ನೀರಿಗೆ ಇಳಿಯುವುದು ಕಡಿಮೆ. ವರ್ಷಕ್ಕೊಮ್ಮೆ ಬಲ್ಬು ಬದಲಿಸುವ ಖರ್ಚೂ ಇಲ್ಲ. ಟ್ಯೂಬುಗಳ ಕಾಲವೂ ಹೇಗಿದ್ದರೂ ಮುಗಿಯುತ್ತಾ ಬಂದಿತ್ತು. 2023ರಲ್ಲಿ ಯುರೋಪ್ ಒಕ್ಕೂಟ ಪಾದರಸದ ಕಾರಣಕ್ಕೆ ಸಾಮಾನ್ಯ ಬೆಳಕಿನ ಟಿ5 ಟ್ಯೂಬುಗಳನ್ನು ಹೊಸದಾಗಿ ಮಾರುಕಟ್ಟೆಗೆ ಬಿಡುವುದನ್ನು ನಿಲ್ಲಿಸಿತು. ಆದರೆ ಎಲ್‌ಇಡಿ ಬಂದ ಹೊಸದರಲ್ಲಿ, ಕಡಿಮೆ ಬೆಳಕಿನಿಂದ ಸತ್ತ ಹವಳಕ್ಕಿಂತ ಹೆಚ್ಚು ಬೆಳಕಿನಿಂದ ಸತ್ತ ಹವಳವನ್ನೇ ನಾನು ಹೆಚ್ಚು ನೋಡಿದ್ದು. ಕಣ್ಣಿಗೆ ಸೌಮ್ಯವಾಗಿ ಕಾಣುವ ಆ ನೀಲಿಯನ್ನು ಜನ ಪೂರ್ತಿ ಏರಿಸಿಬಿಡುತ್ತಿದ್ದರು. ಬಿಳುಚಿದ ಜೀವಕ್ಕಂತೂ ಅದು ಮಾರಕ. ಹಸಿದು ಬಿದ್ದವನಿಗೆ ಮೊದಲು ಗಂಜಿ ಕೊಡಬೇಕು.

ಆ ದೀಪದ ಡಿಮ್ಮರ್ ತಿರುಪನ್ನು ನಾನು ನಂಬಲಿಲ್ಲ. ಬಜಾರಿನಿಂದ ಕಿಟಕಿಗೆ ಹಾಕುವ ಸೊಳ್ಳೆಬಲೆ ತಂದು, ನಾಲ್ಕು ಪದರ ಮಾಡಿ, ತೊಟ್ಟಿಯ ಮೇಲೆ ಹಾಸಿದೆ. ಚಿಪ್ಪಿನ ಬಳಿ ಮೀಟರ್ 60 ತೋರಿಸಿತು. ಹತ್ತು ದಿನಕ್ಕೊಮ್ಮೆ ಹೋಗಿ ನೋಡುವುದು, ಕಂದು ಬಣ್ಣ ಮರಳಿದ್ದರೆ ಮಾತ್ರ ಒಂದು ಪದರ ತೆಗೆಯುವುದು. ಮೊದಲ ತಿಂಗಳು ಒಂದನ್ನೂ ತೆಗೆಯಲಾಗಲಿಲ್ಲ. ಉಸ್ತಾದರು ಫೋನು ಮಾಡಿ, 'ಇವತ್ತು ಒಂದು ಚುಕ್ಕಿ ಹೆಚ್ಚಿದೆ' ಎನ್ನುತ್ತಿದ್ದರು; ಹೋಗಿ ನೋಡಿದರೆ ಇರುತ್ತಿರಲಿಲ್ಲ, ಅಥವಾ ಅವರಿಗಷ್ಟೇ ಕಾಣುತ್ತಿತ್ತು. ಸೆಪ್ಟೆಂಬರಿನಲ್ಲಿ ಮಖಮಲ್ಲಿನ ಬುಡದಿಂದ ಕಂದು ನಿಜವಾಗಿಯೂ ಏರತೊಡಗಿತು. ಕೊನೆಯ ಪದರ ತೆಗೆದದ್ದು ನವೆಂಬರಿನಲ್ಲಿ, ಅವರೇ ತಮ್ಮ ಕೈಯಿಂದ. ಆ ದಿನ ಮೀಟರ್ 230 ತೋರಿಸಿತು. ನೀಲಿ ಮೊದಲಿನಷ್ಟು ಗಾಢವಾಗಿರಲಿಲ್ಲ, ಚಿನ್ನದ ಚುಕ್ಕಿಗಳು ಮಾತ್ರ ಹಾಗೆಯೇ ಇದ್ದವು.

ಚಿಪ್ಪಿಗೆ ಬೆಳಕು ಸಾಕಾಗುತ್ತಿದೆಯೇ ಎಂದು ತಿಳಿಯಲು ಮೀಟರಿಗಿಂತ ಒಳ್ಳೆಯ ಗುರುತು ಅದರ ಅಂಚಿನಲ್ಲೇ ಇರುತ್ತದೆ. ಬೆಳೆಯುವ ಚಿಪ್ಪಿನ ಬಾಯಿಯ ಸುತ್ತ ಹೊಸ ಸುಣ್ಣದ ಬೆಳ್ಳನೆ ಗೆರೆ ಮೂಡುತ್ತದೆ. 2019ರಲ್ಲಿ ನಾನು ವೀಸಾ ಮುಗಿಸಿ ಹೊರಡುವ ವಾರ ಕೊನೆಯ ಸಲ ಹೋದಾಗ ಆ ಗೆರೆ ಒಂದೂವರೆ ಬೆರಳಿನಷ್ಟು ಅಗಲವಾಗಿತ್ತು. ನನ್ನ ಬದಲಿಗೆ ಬಂದ ಕೇರಳದ ಹುಡುಗನಿಗೆ ವೈರಿಂಗ್ ತೋರಿಸಿಕೊಟ್ಟೆ. ಎಲ್‌ಇಡಿಗೆ ಏನೂ ಆಗುವುದಿಲ್ಲ, ಆದರೆ ಉಪ್ಪಿನ ಹನಿ ಹಾರಿ ಹಾರಿ ಅದರ ಸ್ಕ್ರೂಗಳು ತುಕ್ಕು ಹಿಡಿದು ಉದುರುತ್ತವೆ. ಆರು ತಿಂಗಳಿಗೊಮ್ಮೆ ಬದಲಿಸಬೇಕೆಂದು ತೊಟ್ಟಿಯ ಕೆಳಗಿನ ಬಾಗಿಲಿನ ಒಳಗಡೆ ಮಲಯಾಳಂನಲ್ಲಿ ಬರೆಸಿ ಅಂಟಿಸಿ ಬಂದೆ.